ಅಜ್ಜಿ ಯಾಕೆ ನಕ್ಕರು?

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ಕಡೆಯವಳು. ಚಿಕ್ಕಮಗಳೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಕ್ರಾಂತಿಯಾದ ಮೇಲೆ ಮಾನವ ಹಕ್ಕುಗಳು ಏನಾಗುತ್ತವೆ ಅಂತ ಸೆಮಿನಾರ್ ಕೊಟ್ಟಿದ್ದಾರೆ. ಇರಾನ್, ಈಜಿಪ್ಟ್, ನೇಪಾಳ, ಈಗ ಬಾಂಗ್ಲಾದೇಶ, ಯಾವುದನ್ನು ಓದಿದರೂ ಹೆಂಗಸರು ಮುಂದಿನ ಸಾಲಿನಲ್ಲಿ ಇರುತ್ತಾರೆ. ಗೆದ್ದ ಮೇಲೆ ಫೋಟೋದಿಂದಲೇ ಮಾಯ. ದಲಿತರದ್ದು, ಸಣ್ಣ ಸಮುದಾಯಗಳದ್ದೂ ಅದೇ ಕಥೆ. ಕ್ಲಾಸಿನಲ್ಲಿ ಕೇಳಿದರೆ 'ಮೊದಲು ದೇಶ ನಿಲ್ಲಬೇಕು, ಮಿಕ್ಕದ್ದು ಆಮೇಲೆ, ಅದು ಸಹಜ' ಅಂದರು. ನಿಜವಾಗಿ ಸಹಜವಾ? ಇನ್ನೊಂದು ವಿಷಯ. ನಮ್ಮಜ್ಜ 'ನಮ್ಮಲ್ಲೂ ಕ್ರಾಂತಿ ಆಗಿತ್ತು, ಅರಸು ಕಾಲದಲ್ಲಿ' ಅನ್ನುತ್ತಾರೆ. ಅಜ್ಜಿ ಅದನ್ನು ಕೇಳಿ ನಕ್ಕು ಒಳಗೆ ಹೋದರು. ಯಾಕೆ ಅಂದರೆ ಹೇಳಲಿಲ್ಲ.

ಉತ್ತರ: ಸೆಮಿನಾರ್‌ಗೆ ಬೇಕಾದ್ದು ಆಮೇಲೆ. ಮೊದಲು ಅಜ್ಜಿಯ ನಗು. ನೀವು ಅದನ್ನು ಕೊನೆಗೆ ಬರೆದಿದ್ದೀರಿ, ನನಗೆ ಅದೇ ಮುಖ್ಯ ಅನ್ನಿಸಿತು.

ನಾನು ಆಲೂರು ತಾಲ್ಲೂಕಿನವಳು. ಹಾಸನದಲ್ಲಿ ಮೂವತ್ತು ವರ್ಷ ಕಾನೂನು ಪಾಠ ಮಾಡಿ ನಿವೃತ್ತಿಯಾದೆ. ನಮ್ಮದು ಗೇಣಿ ಮಾಡುತ್ತಿದ್ದ ಮನೆ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದಾಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಗೇಣಿ ಜಮೀನೆಲ್ಲ ಆ ದಿನದಿಂದ ಸರ್ಕಾರದ್ದು. ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೆ ಹಕ್ಕು ಕೊಡಬೇಕು. ನಮ್ಮ ಕಡೆ ಇದಕ್ಕೆ 'ಡಿಕ್ಲರೇಷನ್ ಕೊಡೋದು' ಅಂತಿದ್ದರು. 1979ರ ಜೂನ್ 30ರವರೆಗೂ ಅರ್ಜಿ ತೆಗೆದುಕೊಂಡರು.

ಮಂಡಳಿಯವರು ನಮ್ಮ ಗದ್ದೆ ನೋಡಲು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಜೀಪು ನಮ್ಮ ಮನೆ ಮುಂದೆ ನಿಂತದ್ದು ಅದೇ ಮೊದಲು. ಅಮ್ಮ ಬೆಳಿಗ್ಗೆ ಬೇಗ ಎದ್ದು ಅಕ್ಕಿ ತರಿ ಉಪ್ಪಿಟ್ಟು ಮಾಡಿದ್ದರು. ಕಾಫಿಗೆ ಪಕ್ಕದ ಮನೆಯಿಂದ ಹಾಲು ಕೇಳಿ ತಂದಿದ್ದರು. ಬಂದವರು ಜಗಲಿಯ ಮೇಲೆ ಕೂತರು. ಒಬ್ಬರು ಕೇಳಿದರು, 'ಈ ಗದ್ದೆ ಉಳೋರು ಯಾರಪ್ಪ?' ಅಪ್ಪ ಕೈ ಎತ್ತಿದರು. ಸುಳ್ಳೇನೂ ಅಲ್ಲ, ಉತ್ತದ್ದು ಅಪ್ಪನೇ. ಅಗೆ ಕಿತ್ತು, ನಾಟಿ ಹಾಕಿ, ಎರಡು ಸಲ ಕಳೆ ತೆಗೆದು, ಕುಯ್ದು, ಕಣದಲ್ಲಿ ತೂರಿದ್ದು ಅಮ್ಮ. ಅವರು ಬಾಗಿಲ ಸಂದಿಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವರೂ 'ನಮ್ಮನೆಯವರು' ಅಂತಲೇ ಹೇಳುತ್ತಿದ್ದರು, ಆ ಮಾತು ಬೇರೆ.

'ಉಳುವವನೇ ಹೊಲದೊಡೆಯ.' ಈ ಘೋಷಣೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಒಂದು ಸಲ ನಿಧಾನವಾಗಿ ಓದಿ. ಉಳುವ-ವನೇ. ನಮ್ಮ ಕಡೆ ಹೆಂಗಸು ನೇಗಿಲು ಮುಟ್ಟಬಾರದು ಅನ್ನುತ್ತಿದ್ದರು. ಮುಟ್ಟಿದರೆ ಮಳೆ ಬರಲ್ಲ, ಗದ್ದೆ ಹಾಳು. ಸರಿ, ಉಳುವ ಹಾಗಿಲ್ಲ. ಉತ್ತವನಿಗೆ ಮಾತ್ರ ಭೂಮಿ. ಹಾಗಾದರೆ ನಾಟಿ ಹಾಕಿದವಳಿಗೆ? ಘೋಷಣೆ ಬರೆದವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ. ಅವರ ಕಣ್ಣಿಗೆ ಅವಳು ಬೀಳಲಿಲ್ಲ, ಅಷ್ಟೇ. ನ್ಯಾಯಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ನಾಲ್ಕು ಜನ ಸದಸ್ಯರು ಇರುತ್ತಿದ್ದರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕು ಅಂತ ಕಾಯ್ದೆಯಲ್ಲೇ ಬರೆದಿದ್ದರು. ಅದು ಆ ಕಾಲಕ್ಕೆ ಸಣ್ಣ ಮಾತಲ್ಲ. ಒಬ್ಬ ಹೆಂಗಸು ಇರಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಇನ್ನು ನಿಮ್ಮ ಮೂಡಿಗೆರೆಯ ವಿಷಯ. ಅದೇ ಕಾಯ್ದೆಯ 104ನೇ ಕಲಂ ಪ್ಲಾಂಟೇಷನ್‌ಗಳನ್ನು ಹೊರಗಿಟ್ಟಿತು. ಕಾಫಿ, ಟೀ, ಏಲಕ್ಕಿ, ಕಾಳುಮೆಣಸು, ರಬ್ಬರ್ ತೋಟಗಳಿಗೆ ಇಷ್ಟೇ ಜಮೀನು ಇಟ್ಟುಕೊಳ್ಳಬೇಕು ಅನ್ನುವ ಮಿತಿಯೂ ತಟ್ಟಲಿಲ್ಲ. ಅಂದರೆ ಒಂದೇ ಊರಿನಲ್ಲಿ ಕೆಳಗಿನ ಗದ್ದೆಯ ಗೇಣಿದಾರ ಒಡೆಯನಾದ. ಮೇಲಿನ ತೋಟದ ಲೈನ್ ಮನೆಯಲ್ಲಿದ್ದ ಕೂಲಿಯವನು, ಅಂಥವರಲ್ಲಿ ಜಾಸ್ತಿ ಜನ ದಲಿತರು, ಕೂಲಿಯವನಾಗಿಯೇ ಉಳಿದ. ಕೂಲಿಯವಳಂತೂ ಬಿಡಿ. ನಿಮ್ಮಜ್ಜನ ಮಾತು ಸುಳ್ಳಲ್ಲ. ಪ್ರತಿ ವರ್ಷ ಗೇಣಿ ಅಳೆದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದವರಿಗೆ ಅದು ನಿಜಕ್ಕೂ ಕ್ರಾಂತಿಯೇ. (ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡಿ, 'ಸುಧಾರಣೆ' ಅಂತ ಬರೆಯಿರಿ. ಇಲ್ಲದಿದ್ದರೆ ಮಾರ್ಕ್ಸ್ ಹೋಗುತ್ತೆ.) ಆದರೆ ಪಹಣಿಯಲ್ಲಿ ಒಡೆಯರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರು ಬಿತ್ತು ಅನ್ನುವುದು ಅಜ್ಜಿಗೂ ಗೊತ್ತು. ಅವರು ನಕ್ಕಿದ್ದು ಅದಕ್ಕೇ ಇರಬಹುದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕ್ರಾಂತಿ ಬೀದಿಯಲ್ಲಿ ಗೆಲ್ಲುತ್ತೆ. ಆಮೇಲೆ ಒಂದೆರಡು ವರ್ಷ ದೊಡ್ಡ ಬರವಣಿಗೆ ಕೆಲಸ ಇರುತ್ತೆ. ಸಂವಿಧಾನ, ಚುನಾವಣೆ ನಿಯಮ, ಮದುವೆ ಕಾನೂನು, ಪೌರತ್ವ, ಜಮೀನು, ಪರಿಹಾರದ ಪಟ್ಟಿ. ಆ ಮೇಜಿನ ಹತ್ತಿರ ಯಾರು ಕೂತಿದ್ದಾರೆ, ಯಾರ ಹೆಸರು ಪಟ್ಟಿಗೆ ಹತ್ತಿತು, ಯಾರದ್ದು ಬಿಟ್ಟುಹೋಯಿತು ಅನ್ನುವುದು ಮುಂದಿನ ಐವತ್ತು ವರ್ಷವನ್ನು ತೀರ್ಮಾನ ಮಾಡುತ್ತೆ. ಬೀದಿಯಲ್ಲಿ ಎಷ್ಟು ಜನ ಹೆಂಗಸರಿದ್ದರು ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧವೇ ಇಲ್ಲ. ಫ್ರಾನ್ಸ್ ನೋಡಿ. 1789ರ ಅಕ್ಟೋಬರಿನಲ್ಲಿ ರೊಟ್ಟಿಗಾಗಿ ಪ್ಯಾರಿಸ್‌ನಿಂದ ವರ್ಸೈಗೆ ನಡೆದು ರಾಜನನ್ನು ಎಳೆದು ತಂದವರು ಹೆಂಗಸರು. ನಾಲ್ಕು ವರ್ಷಕ್ಕೆ ಹೆಂಗಸರ ಸಂಘಗಳನ್ನೆಲ್ಲ ಮುಚ್ಚಿಸಿದರು. 'ಮನುಷ್ಯನ ಹಕ್ಕು' ಅಂತ ಬರೆದಿದ್ದೀರಲ್ಲ, ಹೆಂಗಸಿನ ಹಕ್ಕು ಎಲ್ಲಿ ಅಂತ 1791ರಲ್ಲೇ ಬರೆದು ಕೇಳಿದ್ದ ಒಲಿಂಪ್ ದ ಗೂಜ್ ಅವರ ತಲೆ 1793ರ ನವೆಂಬರಿನಲ್ಲಿ ಹೋಯಿತು. ಫ್ರಾನ್ಸ್‌ನಲ್ಲಿ ಹೆಂಗಸರಿಗೆ ಓಟು ಬಂದದ್ದು 1944ರಲ್ಲಿ.

'ಮಿಕ್ಕದ್ದು ಆಮೇಲೆ' ಅನ್ನುವ ಮಾತಿಗೆ ಇರಾನ್‌ಗಿಂತ ಒಳ್ಳೆ ಉದಾಹರಣೆ ಬೇಡ. 1979ರ ಫೆಬ್ರವರಿಯಲ್ಲಿ ಅಲ್ಲಿನ ದೊರೆ ಶಾ ಅವರ ಸರ್ಕಾರ ಬಿತ್ತು. ಅದೇ ತಿಂಗಳ ಕೊನೆಗೆ ಕುಟುಂಬ ರಕ್ಷಣಾ ಕಾನೂನನ್ನು ಪಕ್ಕಕ್ಕಿಟ್ಟರು. 1967ರಲ್ಲಿ ಬಂದಿದ್ದ ಆ ಕಾನೂನು ವಿಚ್ಛೇದನ, ಮಕ್ಕಳ ಪಾಲನೆ ವಿಷಯದಲ್ಲಿ ಹೆಂಗಸರಿಗೆ ಒಂದಿಷ್ಟು ದಾರಿ ಕೊಟ್ಟಿತ್ತು. ಮಾರ್ಚ್ 7ಕ್ಕೆ ಕ್ರಾಂತಿಯ ನಾಯಕ ಖೊಮೇನಿ, ಸರ್ಕಾರಿ ಕಚೇರಿಗೆ ಬರುವ ಹೆಂಗಸರು ಹಿಜಾಬ್ ಹಾಕಬೇಕು ಅಂದರು. ಮಾರನೇ ದಿನ ಮಾರ್ಚ್ 8. ಸಾವಿರಾರು ಹೆಂಗಸರು ಟೆಹರಾನ್ ಬೀದಿಗಿಳಿದರು, ಇಳಿದವರು ಕೆಲವು ದಿನ ಬೀದಿಯಲ್ಲೇ ಇದ್ದರು. ಅವರ ಜೊತೆ ಶಾ ವಿರುದ್ಧ ಹೋರಾಡಿದ್ದ ಎಡಪಕ್ಷಗಳು ಏನು ಹೇಳಿದವು ಗೊತ್ತಾ? ಮೊದಲು ಸಾಮ್ರಾಜ್ಯಶಾಹಿ ವಿರುದ್ಧದ ಹೋರಾಟ ಮುಗಿಯಲಿ, ಬಟ್ಟೆ ವಿಷಯ ಸಣ್ಣದು, ಆಮೇಲೆ ನೋಡೋಣ ಅಂತ ಬಹಳಷ್ಟು ಜನ ದೂರ ನಿಂತರು. ಆ 'ಆಮೇಲೆ' ಬರಲೇ ಇಲ್ಲ. ಕೆಲವೇ ವರ್ಷಗಳಲ್ಲಿ ಆ ಪಕ್ಷಗಳನ್ನೂ ಮಟ್ಟ ಹಾಕಿದರು. 1983ರಲ್ಲಿ ಹಿಜಾಬ್ ಇಲ್ಲದವರಿಗೆ 74 ಛಡಿ ಏಟು ಅಂತ ಕಾನೂನು ಬಂತು. ಶಿರಿನ್ ಎಬಾದಿ ನ್ಯಾಯಾಧೀಶೆಯಾಗಿದ್ದವರು. ಕ್ರಾಂತಿಯನ್ನು ಅವರೂ ಬೆಂಬಲಿಸಿದ್ದರು. ಹೆಂಗಸರು ನ್ಯಾಯಾಧೀಶರಾಗಬಾರದು ಅಂತ ತಾವೇ ಕೂತಿದ್ದ ಕೋರ್ಟಿನಲ್ಲಿ ಅವರನ್ನು ಗುಮಾಸ್ತೆ ಕೆಲಸಕ್ಕೆ ಹಾಕಿದರು. 2003ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಪಟ್ಟಿಯ ಮಾತು ಹೇಳಿದೆನಲ್ಲ. ಇರಾನ್ ಸಂವಿಧಾನದ 13ನೇ ವಿಧಿ ಮೂರು ಅಲ್ಪಸಂಖ್ಯಾತ ಧರ್ಮಗಳ ಹೆಸರು ಹೇಳುತ್ತೆ: ಜರತುಷ್ಟ್ರರು, ಯಹೂದಿಗಳು, ಕ್ರೈಸ್ತರು. ಅವರಿಗೆ ಸಂಸತ್ತಿನಲ್ಲಿ ಸೀಟೂ ಇದೆ. ದೇಶದ ಅತಿ ದೊಡ್ಡ ಮುಸ್ಲಿಮೇತರ ಸಮುದಾಯ ಬಹಾಯಿಗಳದ್ದು. ಅವರ ಹೆಸರು ಆ ಸಾಲಿನಲ್ಲಿ ಇಲ್ಲ. ಸಂವಿಧಾನದಲ್ಲಿ ಅವರಿಗೆ ವಿರುದ್ಧವಾಗಿ ಒಂದು ಪದವೂ ಇಲ್ಲ, ಸುಮ್ನೆ ಹೆಸರು ಬಿಟ್ಟಿದ್ದಾರೆ. ಕಾಲೇಜು ಸೀಟಿನಿಂದ ಸ್ಮಶಾನದವರೆಗೆ ಅವರು ಪಡುವ ಕಷ್ಟವೆಲ್ಲ ಆ ಖಾಲಿ ಜಾಗದಿಂದ ಶುರುವಾಗುತ್ತೆ.

ಈಜಿಪ್ಟ್ ಮತ್ತು ಟುನೀಶಿಯಾವನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿ. ಎರಡೂ ಕಡೆ ಜನರ ದಂಗೆ 2011ರ ಶುರುವಿನಲ್ಲಿ ಗೆದ್ದಿತು. ಈಜಿಪ್ಟ್‌ನಲ್ಲಿ ಸಂವಿಧಾನ ತಿದ್ದಲು ಸೇನೆ ನೇಮಿಸಿದ ಸಮಿತಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮಾರ್ಚ್ 8ಕ್ಕೆ ಕೈರೋದ ತಹ್ರೀರ್ ಚೌಕಕ್ಕೆ ಹೋದ ಹೆಂಗಸರ ಮೇಲೆ ಗಂಡಸರು ಬಿದ್ದರು. ಮಾರನೇ ದಿನ ಅದೇ ಚೌಕದಿಂದ ಹಿಡಿದೊಯ್ದ ಹುಡುಗಿಯರಿಗೆ ಸೇನೆಯವರು 'ಕನ್ಯತ್ವ ಪರೀಕ್ಷೆ' ಮಾಡಿದರು. ಸಮೀರಾ ಇಬ್ರಾಹಿಂ ಅನ್ನುವ ಹುಡುಗಿ ಕೋರ್ಟಿಗೆ ಹೋದಳು. ಡಿಸೆಂಬರಿನಲ್ಲಿ ಕೋರ್ಟು ಆ ಪರೀಕ್ಷೆಯನ್ನು ನಿಷೇಧಿಸಿತು. ಅಷ್ಟು ಧೈರ್ಯ ನನಗೆ ಇರುತ್ತಿತ್ತಾ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇನ್ನು ಚುನಾವಣೆ. ಹಳೇ ಸರ್ಕಾರ ಹೆಂಗಸರಿಗೆ ಮೀಸಲಿಟ್ಟಿದ್ದ 64 ಸೀಟನ್ನು ತೆಗೆದುಹಾಕಿದರು. ಅದರ ಬದಲು ಪಕ್ಷದ ಪಟ್ಟಿಯಲ್ಲಿ ಒಬ್ಬ ಹೆಂಗಸಾದರೂ ಇರಬೇಕು ಅಂದರು. (ಇಂಥ ಚುನಾವಣೆಯಲ್ಲಿ ಓಟು ಪಟ್ಟಿಗೆ ಬೀಳುತ್ತೆ, ಸೀಟು ಪಟ್ಟಿಯ ಮೇಲಿನ ಹೆಸರಿನಿಂದ ಸಿಗುತ್ತಾ ಬರುತ್ತೆ.) ಎಷ್ಟನೇ ಜಾಗದಲ್ಲಿ ಅಂತ ಹೇಳಲಿಲ್ಲ. ಪಕ್ಷಗಳು ಏನು ಮಾಡಿರಬಹುದು, ಊಹಿಸಿ. ಕೊನೆಗೆ ಹಾಕಿದವು. ಹೊಸ ಸಂಸತ್ತಿನಲ್ಲಿ ಹೆಂಗಸರು ಶೇಕಡಾ 2ರ ಆಸುಪಾಸು.

ಟುನೀಶಿಯಾದಲ್ಲಿ ಅದೇ ವರ್ಷ ಬರೆದ ನಿಯಮ ಬೇರೆ. ಪಟ್ಟಿಯಲ್ಲಿ ಒಂದು ಗಂಡು, ಒಂದು ಹೆಣ್ಣು, ಮತ್ತೆ ಗಂಡು, ಮತ್ತೆ ಹೆಣ್ಣು. ಮಲ್ಲಿಗೆ ಕಟ್ಟುವಾಗ ಮಧ್ಯೆ ಮಧ್ಯೆ ಮರುಗ ಸೇರಿಸುತ್ತೇವಲ್ಲ, ಹಾಗೆ. ಸಂವಿಧಾನ ಸಭೆಯಲ್ಲಿ ಸುಮಾರು ಕಾಲು ಭಾಗ ಹೆಂಗಸರು ಬಂದು ಕೂತರು. ಜಾಸ್ತಿ ಪಟ್ಟಿಗಳ ತಲೆಯಲ್ಲಿ ಗಂಡಸೇ ಇದ್ದದ್ದರಿಂದ ಅರ್ಧ ಆಗಲಿಲ್ಲ. ಆದರೂ ನೋಡಿ, ಏನಾಯಿತು. 2012ರಲ್ಲಿ ಕರಡಿನಲ್ಲಿ ಹೆಣ್ಣು ಕುಟುಂಬದಲ್ಲಿ ಗಂಡಿಗೆ 'ಪೂರಕ' ಅನ್ನುವ ಪದ ಬಂತು. ಕೇಳೋಕೆ ಚೆನ್ನಾಗಿದೆ, ಅಲ್ವಾ? ನಮ್ಮ ಮದುವೆ ಮನೆಯ ಭಾಷಣಗಳಲ್ಲೂ ಇದೇ ಪದ. ಆಗಸ್ಟ್ 13ಕ್ಕೆ ಸಾವಿರಾರು ಜನ ಬೀದಿಗೆ ಬಂದರು, ಸಭೆಯ ಒಳಗಿದ್ದ ಹೆಂಗಸರೂ ಜಗ್ಗಲಿಲ್ಲ. 2014ರ ಸಂವಿಧಾನದ 21ನೇ ವಿಧಿಯಲ್ಲಿ ಆ ಪದ ಇಲ್ಲ. ಗಂಡು ನಾಗರಿಕರು, ಹೆಣ್ಣು ನಾಗರಿಕರು ಅಂತ ಎರಡನ್ನೂ ಬಿಡಿಸಿ ಬರೆದು, ಇಬ್ಬರೂ ಸಮಾನ ಅಂದರು. 'ಉಳುವವನೇ' ಅಂತ ಮುಗಿಸಲಿಲ್ಲ.

ಅಲ್ಲಿಗೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಕೊಡುವ ಮಸೂದೆ 2018ರಲ್ಲಿ ಬಂದು ಅಲ್ಲೇ ನಿಂತುಹೋಯಿತು. ಸಲಿಂಗ ಸಂಬಂಧಕ್ಕೆ ಜೈಲು ಅನ್ನುವ ದಂಡಸಂಹಿತೆಯ 230ನೇ ಕಲಂ ಕ್ರಾಂತಿಯ ಮೊದಲೂ ಇತ್ತು, ಆಮೇಲೂ ಇತ್ತು. 2022ರಲ್ಲಿ ಅಧ್ಯಕ್ಷರು ಹೊಸ ಸಂವಿಧಾನ ತಂದು, ಚುನಾವಣೆ ನಿಯಮ ಬದಲಿಸಿ ಗಂಡು-ಹೆಣ್ಣು ಸರದಿಯ ಪಟ್ಟಿಯನ್ನೇ ತೆಗೆದರು. ಮುಂದಿನ ಸಂಸತ್ತಿನಲ್ಲಿ ಹೆಂಗಸರ ಪಾಲು ಶೇಕಡಾ 20ಕ್ಕಿಂತ ಕೆಳಗಿಳಿಯಿತು. ಬರೆದದ್ದನ್ನು ಅಳಿಸಬಹುದು.

ಟುನೀಶಿಯಾದ್ದೇ ಇನ್ನೊಂದು ಸಂಗತಿ. ಇದನ್ನು ನಿಮ್ಮ ಸೆಮಿನಾರ್‌ನಲ್ಲಿ ಖಂಡಿತ ಹೇಳಿ. ಅಲ್ಲಿ ಗುಲಾಮಗಿರಿ ನಿಷೇಧವಾದದ್ದು 1846ರಲ್ಲಿ, ಅಮೆರಿಕಕ್ಕಿಂತ ಮೊದಲೇ. ಆದರೆ ಜೆರ್ಬಾ ದ್ವೀಪದಲ್ಲಿ ಕಪ್ಪು ಜನರ ಜನನ ಪತ್ರದಲ್ಲಿ 'ಅತೀಗ್' ಅಂತ ಒಂದು ಪದ ಉಳಿದುಕೊಂಡಿತ್ತು. ಬಿಡುಗಡೆಯಾದವನು ಅಂತ ಅರ್ಥ. ಅದರ ಮುಂದೆ ಬಿಡುಗಡೆ ಮಾಡಿದ ಧಣಿಯ ಮನೆತನದ ಹೆಸರು. ಮುತ್ತಜ್ಜನ ಗುಲಾಮಗಿರಿ ಮರಿಮಗನ ಸ್ಕೂಲ್ ರಿಜಿಸ್ಟರ್‌ನಲ್ಲಿ! 2018ರಲ್ಲಿ ಜನಾಂಗ ತಾರತಮ್ಯ ಅಪರಾಧ ಅಂತ ಕಾನೂನು ಬಂತು. ಅದಾದ ಮೇಲೆ 2020ರಲ್ಲಿ 81 ವರ್ಷದ ಒಬ್ಬ ಅಜ್ಜ ಕೋರ್ಟಿಗೆ ಹೋಗಿ ಆ ಪದವನ್ನು ತನ್ನ ಹೆಸರಿನಿಂದ ತೆಗೆಸಿದರು. 81 ವರ್ಷಕ್ಕೆ! ನಮ್ಮ ಕಡೆ ವಿಳಾಸದಲ್ಲಿ ಕೇರಿಯ ಹೆಸರು ನೋಡಿ ನೀರಿನ ಲೋಟ ಬದಲಾಗುವುದನ್ನು ಕಂಡವರಿಗೆ ಆ ಅಜ್ಜನ ಹಟ ಅರ್ಥವಾಗುತ್ತೆ. ಆ ಕಾನೂನು ಇದ್ದೂ, 2023ರ ಫೆಬ್ರವರಿಯಲ್ಲಿ ಅಧ್ಯಕ್ಷರೇ ಆಫ್ರಿಕಾದ ವಲಸಿಗರ ವಿರುದ್ಧ ಮಾತಾಡಿದ ಮೇಲೆ ಕಪ್ಪು ಜನರನ್ನು ಬಾಡಿಗೆ ಮನೆಯಿಂದ ಹೊರಹಾಕಿದರು, ಹೊಡೆದರು.

ನೇಪಾಳಕ್ಕೆ ಬರೋಣ. ಅದು ನಮಗೆ ತುಂಬಾ ಹತ್ತಿರ, ಜಾತಿಯೂ ಅದೇ, ಗದ್ದೆಯೂ ಅದೇ. 1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೆಯಿತು. ವಿಶ್ವಸಂಸ್ಥೆ ಆಮೇಲೆ ಲೆಕ್ಕ ಹಾಕಿದ ಸುಮಾರು 19,600 ಹೋರಾಟಗಾರರಲ್ಲಿ 3,800ಕ್ಕೂ ಜಾಸ್ತಿ ಹೆಂಗಸರು. ಐವರಲ್ಲಿ ಒಬ್ಬಳು. ಬಂದೂಕು ಹಿಡಿದು ಬೆಟ್ಟ ಹತ್ತಿದವರು ಊರಿಗೆ ವಾಪಸ್ ಬಂದಾಗ, ಜಾತಿ ಬಿಟ್ಟು ಮದುವೆಯಾದವಳು ಅಂತ ಅತ್ತೆ ಮನೆಯವರೂ ತವರಿನವರೂ ಬಾಗಿಲು ಹಾಕಿದ ಪ್ರಸಂಗಗಳಿವೆ. ಯುದ್ಧಸಂತ್ರಸ್ತರಿಗೆ ಮಧ್ಯಂತರ ಪರಿಹಾರ ಕೊಟ್ಟರಲ್ಲ, ಆ ಪಟ್ಟಿಯಲ್ಲಿ ಸತ್ತವರ ಮನೆಯವರು, ಕಾಣೆಯಾದವರ ಮನೆಯವರು, ಗಾಯಗೊಂಡವರು ಇದ್ದರು. ಅತ್ಯಾಚಾರಕ್ಕೆ ಒಳಗಾದವರಿಗೆ ಕಾಲಂ ಇರಲಿಲ್ಲ. ಅರ್ಜಿ ಹಾಕೋಣ ಅಂದರೆ ಯಾವ ಕಾಲಂನಲ್ಲಿ ಬರೆಯುವುದು?

ಆದರೂ ನೇಪಾಳವನ್ನು ಸೋಲಿನ ಕಥೆ ಅನ್ನಲು ನಾನು ಒಪ್ಪುವುದಿಲ್ಲ. 2008ರ ಸಂವಿಧಾನ ಸಭೆಯ 601 ಜನರಲ್ಲಿ 197 ಹೆಂಗಸರು. ನಮ್ಮ ಲೋಕಸಭೆ ಆ ಲೆಕ್ಕದ ಹತ್ತಿರವೂ ಹೋಗಿಲ್ಲ. 2007ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರನ್ನು ಪೂರ್ಣ ನಾಗರಿಕರು ಅಂತ ಗುರುತಿಸಿ, ಮೂರನೇ ಲಿಂಗ ಅಂತ ಬರೆಸಿಕೊಳ್ಳಲು ದಾರಿ ಮಾಡಿತು. ನಮ್ಮಲ್ಲಿ ಅಂಥ ತೀರ್ಪು ಬಂದದ್ದು 2014ರಲ್ಲಿ. (ಸರ್ಕಾರಿ ನೌಕರಿಯಲ್ಲಿ ಅವರಿಗೆ ಶೇಕಡಾ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದೇ, 2021ರಲ್ಲಿ.) ಇನ್ನು 2017ರ ಸ್ಥಳೀಯ ಚುನಾವಣೆ. ಪ್ರತಿ ವಾರ್ಡಿನಲ್ಲಿ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬಳು ದಲಿತಳೇ ಇರಬೇಕು ಅಂತ ನಿಯಮ. ಸುಮ್ನೆ 'ಮಹಿಳೆ' ಅಂದರೆ ಮೇಲ್ಜಾತಿಯವಳು ಬರುತ್ತಾಳೆ, ಸುಮ್ನೆ 'ದಲಿತ' ಅಂದರೆ ಗಂಡಸು ಬರುತ್ತಾನೆ. ಎರಡನ್ನೂ ಸೇರಿಸಿ ಬರೆದದ್ದಕ್ಕೆ 6,500ಕ್ಕೂ ಹೆಚ್ಚು ದಲಿತ ಹೆಂಗಸರು ಒಂದೇ ಏಟಿಗೆ ಆರಿಸಿ ಬಂದರು. ಅದೇ ಚುನಾವಣೆಯಲ್ಲಿ, ಅಧ್ಯಕ್ಷ ಉಪಾಧ್ಯಕ್ಷ ಎರಡರಲ್ಲಿ ಒಂದಕ್ಕೆ ಹೆಂಗಸನ್ನು ನಿಲ್ಲಿಸಬೇಕು ಅಂತ ಪಕ್ಷಗಳಿಗೆ ಹೇಳಿದ್ದರು. ಯಾವುದಕ್ಕೆ ಅಂತ ಹೇಳಿರಲಿಲ್ಲ. 753 ಸ್ಥಳೀಯ ಸಂಸ್ಥೆಗಳಲ್ಲಿ ಮುಖ್ಯಸ್ಥೆಯರಾದವರು ಇಪ್ಪತ್ತಕ್ಕಿಂತ ಕಡಿಮೆ, ಉಪಾಧ್ಯಕ್ಷೆಯರು 700ರಷ್ಟು. ಈಜಿಪ್ಟ್‌ನ ಪಟ್ಟಿ ನೆನಪಾಯಿತಾ? ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೇ ಒಳಗೆ ಬಿಡುತ್ತಾರೆ. 2015ರ ಸಂವಿಧಾನದಲ್ಲಂತೂ ತಂದೆಯಿಂದ ಪೌರತ್ವ ಸಲೀಸಾಗಿ ಬರುತ್ತೆ, ತಾಯಿಯಿಂದ ಬರಬೇಕಾದರೆ ಅಪ್ಪ ಯಾರು, ಎಲ್ಲಿ ಅಂತ ಷರತ್ತುಗಳು.

ಬಾಂಗ್ಲಾದೇಶದ್ದು ಇನ್ನೂ ಬಿಸಿ ಇದೆ. 2024ರ ಜುಲೈ 14ರ ರಾತ್ರಿ ಢಾಕಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಹಾಸ್ಟೆಲ್ ಗೇಟಿನ ಬೀಗ ಮುರಿದು ಚಳವಳಿಗೆ ಹೊರಬಂದದ್ದನ್ನು ನೀವು ಫೋನಿನಲ್ಲೇ ನೋಡಿರಬಹುದು. ಶೇಖ್ ಹಸೀನಾ ಸರ್ಕಾರ ಬಿದ್ದ ಮೇಲೆ ಮಹಿಳಾ ಸುಧಾರಣಾ ಆಯೋಗ ಮಾಡಿದರು, ಅದು 2025ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಎರಡು ವಾರಕ್ಕೆ, ಮೇ 3ಕ್ಕೆ, ಆ ಆಯೋಗವನ್ನೇ ರದ್ದು ಮಾಡಿ ಅಂತ ಢಾಕಾದಲ್ಲಿ ದೊಡ್ಡ ರ‍್ಯಾಲಿ.

ಹಾಗಾದರೆ ಇದು ಸಹಜವಾ? ಅಲ್ಲ ಅನ್ನಲು ನನ್ನ ಹತ್ತಿರ ದಕ್ಷಿಣ ಆಫ್ರಿಕಾ ಇದೆ. ಅದು ಮಾತುಕತೆಯಿಂದ ಆದ ಬದಲಾವಣೆ, ಆದರೂ ವರ್ಣಭೇದ ಬಿದ್ದದ್ದು ಯಾವ ಕ್ರಾಂತಿಗೂ ಕಡಿಮೆಯಲ್ಲ. ಅಲ್ಲಿನ ಹೆಂಗಸರು ಬೇರೆ ದೇಶಗಳಿಂದ ಪಾಠ ಕಲಿತಿದ್ದರು. ಅಲ್ಜೀರಿಯಾದಲ್ಲಿ ಸ್ವಾತಂತ್ರ್ಯಕ್ಕಾಗಿ ಬಾಂಬು ಇಟ್ಟು ಜೈಲಿಗೆ ಹೋದ ಹೆಂಗಸರಿಗೆ 1984ರಲ್ಲಿ ಎಂಥ ಕುಟುಂಬ ಕಾನೂನು ಸಿಕ್ಕಿತು ಅಂತ ಅವರಿಗೆ ಗೊತ್ತಿತ್ತು. ಆ ಕಾನೂನಿನಲ್ಲಿ ಮದುವೆಗೆ ಹೆಂಗಸಿನ ಪರವಾಗಿ ಗಂಡು ಪೋಷಕನೊಬ್ಬ ಬೇಕು. ಅದಕ್ಕೇ ಇವರು ಗೆಲ್ಲುವ ತನಕ ಕಾಯಲಿಲ್ಲ. 1992ರಲ್ಲೇ, ಮೊದಲ ಚುನಾವಣೆಗೆ ಎರಡು ವರ್ಷ ಮುಂಚೆ, ಬೇರೆ ಬೇರೆ ಪಕ್ಷದ, ಬಣ್ಣದ ಹೆಂಗಸರ ಸಂಘಗಳು ಒಂದು ಒಕ್ಕೂಟ ಕಟ್ಟಿಕೊಂಡವು. 1993ರ ಮಾತುಕತೆಯಲ್ಲಿ ಪ್ರತಿ ಪಕ್ಷದ ಇಬ್ಬರು ಪ್ರತಿನಿಧಿಗಳಲ್ಲಿ ಒಬ್ಬರು ಹೆಂಗಸು ಇರಬೇಕು ಅಂತ ಮಾಡಿಸಿದರು. ಆಗ ಊರ ಮುಖಂಡರು ಒಂದು ಬೇಡಿಕೆ ಇಟ್ಟರು. ನಮ್ಮ ಸಂಪ್ರದಾಯದ ಕಾನೂನಿಗೆ ಈ ಸಮಾನತೆ ತಟ್ಟಬಾರದು ಅಂತ. ಹಳ್ಳಿ ಹೆಂಗಸರ ಸಂಘಟನೆ ಒಪ್ಪಲಿಲ್ಲ. ಅವರು ಸೋತಿದ್ದರೆ ಹಳ್ಳಿಯ ಹೆಣ್ಣುಮಗಳಿಗೆ ಸಂವಿಧಾನ ಪೇಟೆಯಲ್ಲೇ ನಿಂತುಬಿಡುತ್ತಿತ್ತು. ಅವರು ಗೆದ್ದದ್ದಕ್ಕೆ, ಹಿರಿಯ ಗಂಡುಮಗನಿಗೇ ಆಸ್ತಿ ಅನ್ನುವ ಪದ್ಧತಿಯನ್ನು 2004ರಲ್ಲಿ ಕೋರ್ಟು ಹೊಡೆದುಹಾಕಲು ಸಾಧ್ಯವಾಯಿತು. ಲೈಂಗಿಕ ಒಲವಿನ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅಂತ ಸಂವಿಧಾನದಲ್ಲೇ ಬರೆದ ಮೊದಲ ದೇಶವೂ ಅದೇ. ಅಲ್ಲಿ ಹೆಂಗಸರ ಮೇಲೆ ಹಿಂಸೆ ನಿಂತಿದೆಯಾ ಅಂದರೆ, ಇಲ್ಲ. ಆದರೆ ಹಿಂಸೆ ಆದವಳ ಕೈಯಲ್ಲಿ ಹಿಡಿಯಲು ಒಂದು ಕಾಗದ ಇದೆ. ಕೋರ್ಟು ಮೆಟ್ಟಿಲು ಹತ್ತಿದವರಿಗೆ ಅದರ ಬೆಲೆ ಗೊತ್ತು.

ಮತ್ತೆ ನಮ್ಮೂರಿಗೆ. 1983ರ ಕಾಯ್ದೆಯಲ್ಲಿ ನಮ್ಮ ರಾಜ್ಯ ಮಂಡಲ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇಕಡಾ 25 ಸೀಟು ಇಟ್ಟಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅಂಥ ನಿಯಮ ಬರಲು ಸಂವಿಧಾನದ 73ನೇ ತಿದ್ದುಪಡಿ ಆಗಬೇಕಾಯಿತು. ನಮ್ಮ ಮಂಡಲಕ್ಕೆ ಆರಿಸಿ ಬಂದ ಒಬ್ಬಾಕೆ ಮೊದಲ ಎರಡು ಸಭೆ ಬಾಗಿಲ ಹತ್ತಿರ ನಿಂತೇ ಇದ್ದರು. ಕುರ್ಚಿ ಇತ್ತು, ಕೂರು ಅನ್ನುವವರು ಇರಲಿಲ್ಲ. ಸಹಿಯನ್ನು ಗಂಡ ಹೇಳಿದ ಕಡೆ ಹಾಕುತ್ತಿದ್ದರು. ಊರೆಲ್ಲ ನಕ್ಕಿತು. ಮೂರನೇ ವರ್ಷ ನಾನು ರಜೆಗೆ ಹೋದಾಗ ನೋಡುತ್ತೇನೆ, ಅದೇ ಹೆಂಗಸು ಕೊಳವೆಬಾವಿ ಮೇಲಿನ ಕೇರಿಗೆ ಯಾಕೆ, ಕೆಳಗಿನ ಕೇರಿಗೆ ಯಾಕಿಲ್ಲ ಅಂತ ಸೆಕ್ರೆಟರಿಯನ್ನು ದಾರಿಯಲ್ಲೇ ನಿಲ್ಲಿಸಿ ಕೇಳುತ್ತಿದ್ದಾರೆ. 'ಅಧ್ಯಕ್ಷೆಯ ಗಂಡನೇ ಅಧ್ಯಕ್ಷ' ಅಂತ ನಗುವವರು ಜಾಸ್ತಿ ಇದ್ದಾರೆ. ಅವರ ಮಾತಿನಲ್ಲಿ ನಿಜವೂ ಇದೆ. ಆದರೆ ಮೊದಲ ವರ್ಷವನ್ನೇ ನೋಡಿ ತೀರ್ಪು ಕೊಡುವುದು ಅವಸರ.

ಆಸ್ತಿ ವಿಷಯ ಅಷ್ಟು ಸುಲಭವಾಗಿ ಬದಲಾಗಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ಕರ್ನಾಟಕದಲ್ಲಿ 1994ರ ಜುಲೈ 30ಕ್ಕೇ ಕಾನೂನು ಬಂತು. ಕೇಂದ್ರದ್ದು ಬಂದದ್ದು 2005ರಲ್ಲಿ. ಆದರೆ ಯಾವುದಾದರೂ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಅರ್ಧ ದಿನ ನಿಂತು ನೋಡಿ. ಅಕ್ಕತಂಗಿಯರು ಹೊಸ ಸೀರೆ ಉಟ್ಟು, ಕಾರಿನಲ್ಲಿ ಬಂದು, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅಣ್ಣ ಕೊಡಿಸಿದ ಮಸಾಲೆ ದೋಸೆ ತಿಂದು ಹೋಗುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತೆ ಅನ್ನುವ ಹೆದರಿಕೆ. ಗೌರಿ ಹಬ್ಬದ ಬಾಗಿನ ನಿಲ್ಲುತ್ತೆ ಅನ್ನುವ ಹೆದರಿಕೆ. ಹೆದರಿಕೆ ಸುಳ್ಳಲ್ಲ, ನಿಲ್ಲಿಸಿದ ಅಣ್ಣಂದಿರನ್ನು ನಾನು ಕಂಡಿದ್ದೇನೆ. ನನ್ನ ಹೆಬ್ಬೆಟ್ಟೂ ಅಂಥ ಒಂದು ಪತ್ರದ ಮೇಲಿದೆ. ಕಾನೂನು ಪಾಠ ಮಾಡುವವಳದ್ದು!

ಕೊನೆಗೆ ಒಂದು ತೋಟದ ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟಕ್ಕೆ ಹೋಗಿದ್ದೆ. ರೊಬಸ್ಟಾ ಹಣ್ಣು ಕುಯ್ಯುವ ಕಾಲ. ಸಂಜೆ ತೂಕ ನಡೆಯುತ್ತಿತ್ತು. ಅಸ್ಸಾಮಿನಿಂದ ಬಂದ ಒಂದು ಜೋಡಿ ಎರಡು ಮೂಟೆ ತಂದಿಟ್ಟರು. ಹುಡುಗಿ ಕುಯ್ದದ್ದು 48 ಕೆಜಿ, ಗಂಡನದು 51. ರೈಟರ್ ಪುಸ್ತಕದಲ್ಲಿ ಗಂಡನ ಹೆಸರಿನ ಮುಂದೆ 99 ಅಂತ ಬರೆದರು. ಅವಳ ಹೆಸರು? 'ಜೋಡಿ ಲೆಕ್ಕ ಮೇಡಂ, ಒಂದೇ ಮನೆ ಅಲ್ವಾ' ಅಂದರು. ಕೆಟ್ಟ ಮನುಷ್ಯ ಅಲ್ಲ ಅವರು, ನಮಗೆಲ್ಲ ಕಾಫಿ ತರಿಸಿದರು. ಹುಡುಗಿಗೆ ಆಗ ಆರು ತಿಂಗಳಿರಬೇಕು. ಹೆರಿಗೆ ಭತ್ಯೆ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ ಲೆಕ್ಕ ಬೇಕು. ಆ ಪುಸ್ತಕದ ಪ್ರಕಾರ ಅವಳು ಒಂದು ದಿನವೂ ಕೆಲಸ ಮಾಡಿಲ್ಲ. ಅದರ ಮೇಲೆ, ಪೇಟೆಗೆ ಹೋದರೆ 'ನೀನು ಯಾವ ದೇಶದವಳು' ಅಂತ ಕೇಳುವವರು ಬೇರೆ.

ಸೆಮಿನಾರ್‌ಗೆ ಇಷ್ಟು ಸಾಕು. ಐದು ದೇಶಗಳನ್ನು ಒಂದರ ಮೇಲೊಂದು ಹೇರಬೇಡಿ, ಈಜಿಪ್ಟ್ ಮತ್ತು ಟುನೀಶಿಯಾದ ಚುನಾವಣಾ ಪಟ್ಟಿಯನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯಿರಿ. ಕ್ಲಾಸಿಗೆ ತಾನೇ ಅರ್ಥವಾಗುತ್ತೆ. ಅದಕ್ಕೂ ಮೊದಲು ನಾಡಕಚೇರಿಗೆ ಹೋಗಿ ನಿಮ್ಮ ಗದ್ದೆಯ ಪಹಣಿ ತೆಗೆಸಿ, ಹಳೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಒಂಬತ್ತನೇ ಕಾಲಂ ನೋಡಿ, ಸಾಗುವಳಿದಾರರ ಹೆಸರಿರುವ ಹನ್ನೆರಡನೇ ಕಾಲಂ ನೋಡಿ. ಆಮೇಲೆ ಅಜ್ಜಿಯ ಹತ್ತಿರ ಕೂತು, ಯಾಕೆ ನಕ್ಕಿರಿ ಅಂತ ಮತ್ತೆ ಕೇಳಬೇಡಿ. ಡಿಕ್ಲರೇಷನ್ ವಿಚಾರಣೆಗೆ ಜೀಪು ಬಂದ ದಿನ ಬೆಳಿಗ್ಗೆ ಏನು ತಿಂಡಿ ಮಾಡಿದ್ದಿರಿ ಅಂತ ಕೇಳಿ. ಹೇಳಿದರೆ ನನಗೂ ಬರೆಯಿರಿ.